ಸಾಹೇಬರಿಗೆ ಜೀವಭಯವಿದೆ

ರಾಯಚೂರಿನ ಬಿಸಿಲಲ್ಲಿ ನಾಗವೇಣಿ ನೀರು ಕುಡಿಯುವುದನ್ನು ಬಿಟ್ಟಿದ್ದಳು. ಬೆಳಿಗ್ಗೆ ಏಳಕ್ಕೆ ಡ್ಯೂಟಿ ಹತ್ತುವ ಮುಂಚೆ ಅರ್ಧ ಲೋಟ. ಆಮೇಲೆ ಮಧ್ಯಾಹ್ನ ಮೂರರವರೆಗೆ ಒಂದು ಗುಟುಕೂ ಇಲ್ಲ. ಕುಡಿದರೆ ಹೋಗಬೇಕಾಗುತ್ತದೆ. ಹೋಗಲಿಕ್ಕೆ ಜಾಗವಿರಲಿಲ್ಲ. ಸಾಹೇಬರ ಬಂಗಲೆಯಲ್ಲಿ ಐದು ಪಾಯಖಾನೆ, ಒಂದೂ ಪೊಲೀಸರಿಗಲ್ಲ. ಗಂಡು ಪೊಲೀಸರು ಹಿಂದಿನ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಈಕೆ ಎಲ್ಲಿಗೆ ಮುಖ ಮಾಡಬೇಕು? ಹೊಟ್ಟೆಯ ಕೆಳಗೆ ಉರಿ ಹತ್ತಿ ಎರಡು ಸಲ ಆಸ್ಪತ್ರೆಗೆ ಹೋಗಿ ಬಂದಿದ್ದಳು. ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕು ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟರು. ಚೀಟಿ ಬರೆಯುವುದಕ್ಕೇನು, ಯಾರಾದರೂ ಬರೆಯುತ್ತಾರೆ.

ಸಾಹೇಬರ ಹೆಸರು ಇಲ್ಲಿ ಬೇಡ. ಗೇಟಿನ ಪಕ್ಕದ ಕಪ್ಪು ಕಲ್ಲಿನಲ್ಲಿ, ಅವರು ಕೂತು ಎದ್ದ ಕುರ್ಚಿಗಳ ಸಮೇತ, ಬಂಗಾರದ ಬಣ್ಣದಲ್ಲಿ ಕೆತ್ತಿಸಿದ್ದಾರೆ. ಬೇಕಾದವರು ಹೋಗಿ ಓದಿಕೊಳ್ಳಲಿ. ದೊಡ್ಡ ಹುದ್ದೆಯಿಂದ ನಿವೃತ್ತರಾಗಿ ಒಂಬತ್ತು ವರ್ಷವಾಯಿತು. ಸರ್ವಿಸಿನ ಕೊನೆಯ ವರ್ಷ ದೇವದುರ್ಗದ ಕಡೆ ಕೃಷ್ಣೆಯ ದಂಡೆಯಲ್ಲಿ ಮರಳು ಲಾರಿಗಳನ್ನು ಹಿಡಿಸಿದ್ದರು. ಮರಳು ದಂಧೆಯ ಒಬ್ಬ ಧಣಿ ಫೋನಿನಲ್ಲಿ 'ನೋಡ್ಕೋತೀನಿ' ಎಂದಿದ್ದ. ಆ ಒಂದು ಮಾತಿಗೆ ಸರ್ಕಾರ ಕೊಟ್ಟ ಪಹರೆ ಇನ್ನೂ ಎದ್ದಿಲ್ಲ. ಗೇಟಿಗೆ ಪಾಳಿಯ ಮೇಲೆ ನಾಲ್ವರು, ಸಾಹೇಬರ ಬೆನ್ನಿಗೆ ಇಬ್ಬರು ಗನ್‌ಮ್ಯಾನ್, ಸೊಸೆ ದೇವಿಕಾಳ ಬೆನ್ನಿಗೆ ನಾಗವೇಣಿ. 'ನೋಡ್ಕೋತೀನಿ' ಎಂದ ಆ ಧಣಿ ಹೋದ ಯುಗಾದಿಗೆ ಇದೇ ಮನೆಗೆ ಬಂದು, ಸಾಹೇಬರ ಪಕ್ಕದಲ್ಲೇ ಕೂತು, ಹೋಳಿಗೆ ಉಂಡು ಹೋದ. ಅವನ ಕಾರಿನ ಬಾಗಿಲು ತೆಗೆದು ಸೆಲ್ಯೂಟ್ ಹೊಡೆದವಳು ನಾಗವೇಣಿಯೇ.

"ಮತ್ತ್ಯಾಕ ಚಾಚಾ ಇನ್ನಾ ಈ ಬಂದೂಕ?" ಎಂದು ಆಕೆ ಅವತ್ತು ಹೆಡ್ ಕಾನ್‌ಸ್ಟೇಬಲ್ ಕಲೀಮುಲ್ಲಾನನ್ನು ಕೇಳಿದ್ದಳು. ಗೇಟಿನ ಪಹರೆಗೆ ಅವನೇ ಹಿರಿಯ. ಈಗ ಅವನ ನಿವೃತ್ತಿಗೆ ಏಳೇ ತಿಂಗಳು ಉಳಿದಿತ್ತು.

"ಬಂದೂಕ ಇಲ್ಲಂದ್ರ ಸಾಹೇಬ್ರು ಮದ್ವಿ ಮನ್ಯಾಗ ಎಲ್ಲಾರಂಗ ಊಟಕ್ಕ ಪಾಳಿ ಹಚ್ಚಬೇಕಾಗ್ತದ ಬೇಟಿ" ಎಂದು ಕಲೀಮುಲ್ಲಾ ಮೀಸೆಯೊಳಗೇ ನಕ್ಕಿದ್ದ. "ಅದಕ್ಕಿಂತ ದೊಡ್ಡ ಅಂಜಿಕಿ ಮತ್ತ್ಯಾವದದ ಅವರಿಗಿ?"

ನಾಗವೇಣಿಯ ಕೆಲಸ ಕಾಗದದ ಮೇಲೆ ರಕ್ಷಣೆ. ನೆಲದ ಮೇಲೆ ಅದು ಬೇರೆ. ದೇವಿಕಾ ಕಾರಿನಿಂದ ಇಳಿದರೆ ಛತ್ರಿ ಬಿಡಿಸಿ ಹಿಡಿಯಬೇಕು. ಸೀರೆ ಅಂಗಡಿಯ ಬಾಗಿಲಲ್ಲಿ ಎರಡು ತಾಸು, ಮೂರು ತಾಸು ನಿಲ್ಲಬೇಕು. ಚೀಲಗಳನ್ನು ಹೊರಬೇಕು. ನಾಯಿಯನ್ನು ತಿರುಗಾಡಿಸಬೇಕು, ಅದು ಹೇತದ್ದನ್ನು ಬಾಚಬೇಕು. ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ನಾಯಿಯ ಹೇಲು. ಸಂಜೆ ಕೋಣೆಗೆ ಹೋಗಿ ಬೂಟು ಬಿಚ್ಚಿದರೆ ಕಾಲು ಊದಿ ಬೂಟಿನ ಅಂಚು ಚರ್ಮದ ಮೇಲೆ ಅಚ್ಚೊತ್ತಿರುತ್ತಿತ್ತು.

ಕೆಲಸಕ್ಕೆ ಬಂದ ಮೊದಲ ದಿನವೇ ಅಮ್ಮಾವರು, ಅಂದರೆ ಸಾಹೇಬರ ಹೆಂಡತಿ, "ನೀವು ಯಾರ ಪೈಕಿ?" ಎಂದು ಕೇಳಿದ್ದರು. "ದೇವದುರ್ಗದ ಕಡೇರ್ರೀ" ಎಂದಿದ್ದಳು ನಾಗವೇಣಿ. ಅದು ಉತ್ತರವಲ್ಲವೆಂದು ಆಕೆಗೂ ಗೊತ್ತು. ಅಮ್ಮಾವರು ತಮಗೆ ಬೇಕಾದಂತೆ ಅರ್ಥ ಮಾಡಿಕೊಂಡರು. ಸೋಮವಾರ ದೇವಸುಗೂರಿನ ಗುಡಿಗೆ ಹೋಗುವಾಗ ಹೂವಿನ ಬುಟ್ಟಿ ಆಕೆಯ ಕೈಗೇ ಕೊಡುತ್ತಿದ್ದರು. ಡ್ಯೂಟಿ ಇಳಿಯುವ ಹೊತ್ತಿಗೆ ಅಡುಗೆಮನೆಯ ಹಿಂಬಾಗಿಲಲ್ಲಿ ಮನೆಯ ಕಪ್ಪಿನಲ್ಲೇ ಚಹಾ ಕೊಡುತ್ತಿದ್ದರು. ನಾಗವೇಣಿ ಅದನ್ನು ಕದ್ದ ಮಾಲಿನಂತೆ ಕುಡಿದು, ತೊಳೆದಿಟ್ಟು ಬರುತ್ತಿದ್ದಳು.

ಆಕೆಯ ಅವ್ವ ವೆಂಕಮ್ಮ ದೇವದುರ್ಗ ತಾಲ್ಲೂಕಿನ ಹಳ್ಳಿಯಲ್ಲಿ, ಮಾದಿಗರ ಕೇರಿಯಲ್ಲಿದ್ದಳು. ಎರಡು ವರ್ಷದ ಹಿಂದೆ ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಬಂತು. ವೆಂಕಮ್ಮನ ತಮ್ಮ ಸುಂಕಪ್ಪ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ತನ್ನ ಕ್ಯಾನನ್ನು ಪಾಳಿಯ ತಲೆಗೆ ಇಟ್ಟ. ಊರ ಗೌಡನ ಮಕ್ಕಳಿಬ್ಬರು ಅವನನ್ನು ಅಲ್ಲೇ ಕಬ್ಬಿಣದ ಪೈಪಿನಿಂದ ಬಡಿದರು. ಬಲಗೈಯ ಮೂಳೆ ಮೂರು ಕಡೆ ಮುರಿಯಿತು. ಈಗ ಆ ಕೈಯಿಂದ ರೊಟ್ಟಿ ಮುರಿಯಲಿಕ್ಕೂ ಆಗುವುದಿಲ್ಲ. ಊರಲ್ಲಿ ಇರಲಾಗದೆ ಮಾನ್ವಿಯಲ್ಲಿ ಹೆಂಡತಿಯ ತವರಿನಲ್ಲಿದ್ದಾನೆ. ಕಣ್ಣಾರೆ ಕಂಡವರು ನಾಲ್ವರು. ಮೂವರು ಕೋರ್ಟಿನಲ್ಲಿ ಮಾತು ತಿರುಗಿಸಿದರು. ಉಳಿದವಳು ವೆಂಕಮ್ಮ ಒಬ್ಬಳೇ. ಆಕೆಯ ಸಾಕ್ಷಿ ಬರುವ ಸೋಮವಾರ, ರಾಯಚೂರಿನ ಕೋರ್ಟಿನಲ್ಲಿ.

ಉದ್ಯೋಗ ಖಾತ್ರಿಯ ಮಣ್ಣು ಕೆಲಸಕ್ಕೆ ಹೋಗುತ್ತಿದ್ದ ವೆಂಕಮ್ಮನನ್ನು ಗೌಡನ ಆಳೊಬ್ಬ ದಾರಿಯಲ್ಲಿ ತಡೆದು ಹೇಳಿದ್ದ: "ಸೋಮವಾರ ರಾಯಚೂರ ಬಸ್ ಹತ್ತಿದಿ ಅಂದ್ರ ತಿರುಗಿ ಇಳಿಯಂಗಿಲ್ಲ ನೀ." ವೆಂಕಮ್ಮ ರಕ್ಷಣೆ ಬೇಕೆಂದು ಅರ್ಜಿ ಕೊಟ್ಟಳು. ಉತ್ತರ ಬಂತು, ಮೊಹರು ಹೊಡೆದ ಉತ್ತರ. ಪಕ್ಕದ ಮನೆಯ ಕರೆಮ್ಮ ಅದರ ಫೋಟೊ ತೆಗೆದು ನಾಗವೇಣಿಯ ಮೊಬೈಲಿಗೆ ಕಳಿಸಿದಳು. ಅದು ಬಂದಾಗ ನಾಗವೇಣಿ ಸೀರೆ ಅಂಗಡಿಯ ಮುಂದೆ ನಿಂತಿದ್ದಳು. ಒಂದು ಕೈಯಲ್ಲಿ ನಾಯಿಯ ಹಗ್ಗ, ಇನ್ನೊಂದರಲ್ಲಿ ನಾಲ್ಕು ಚೀಲ. ಚೀಲಗಳನ್ನು ಮೊಣಕೈಗೆ ಏರಿಸಿಕೊಂಡು ಅವ್ವನಿಗೆ ಫೋನು ಮಾಡಿ ಓದಿ ಹೇಳಿದಳು. ಸಿಬ್ಬಂದಿ ಕೊರತೆ ಇರುವುದರಿಂದ ಸದರಿ ಅರ್ಜಿದಾರರಿಗೆ ರಕ್ಷಣೆ ಒದಗಿಸಲು ಸಾಧ್ಯವಿರುವುದಿಲ್ಲ.

"ಸಿಬ್ಬಂದಿ ಅಂದ್ರ ಏನ ಬೇ?" ಎಂದಳು ವೆಂಕಮ್ಮ.

"ಪೊಲೀಸ್ರು ಯವ್ವಾ. ಪೊಲೀಸ್ರು ಇಲ್ಲಂತ."

"ನೀ ಅದಿಯಲ್ಲ?"

ನಾಯಿ ಹಗ್ಗ ಜಗ್ಗುತ್ತಿತ್ತು.

ಆಗಲೇ ಆಕೆಗೆ ಆ ಯೋಚನೆ ಬಂದದ್ದು. ಸಾಹೇಬರು ನಿವೃತ್ತರಾದರೇನು, ಅವರು ಒಂದು ಫೋನು ಮಾಡಿದರೆ ಜಿಲ್ಲೆಯ ಪೊಲೀಸೆಲ್ಲ ಎದ್ದು ನಿಲ್ಲುತ್ತದೆ. ಅವ್ವ ತಾನೇ ಬಂದು ಕೈಮುಗಿದು ಕೇಳಲಿ. ತಾನು ಮಗಳೆಂದು ಹೇಳುವುದು ಬೇಡ, ಬಡ ಹೆಂಗಸು ಎಂದಷ್ಟೇ ಇರಲಿ. "ಗುರುವಾರ ಹತ್ತಕ್ಕ ಬಾ ಯವ್ವಾ, ಸಾಹೇಬ್ರು ಮನ್ಯಾಗ ಇರ್ತಾರ" ಎಂದು ಹೇಳಿದಳು. ಗೇಟು ಎಲ್ಲಿ, ಯಾವ ಬಣ್ಣ, ಬಸ್‌ಸ್ಟ್ಯಾಂಡಿನಿಂದ ಯಾವ ದಾರಿ, ಎಲ್ಲ ಹೇಳಿದಳು. ಬೆಲ್ ಒತ್ತು ಎಂದು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ. ಪೊಲೀಸಾಗಿ ಆರು ವರ್ಷದಲ್ಲಿ ಬೆಲ್ ಒತ್ತುವುದು ಆಕೆಗೆ ರೂಢಿಯಾಗಿತ್ತು.

ಕೇರಿಯವರಿಗೆ ದೊಡ್ಡ ಮನೆಯ ಬಾಗಿಲು ಬಡಿದು ಗೊತ್ತಿಲ್ಲ. ಗೌಡನ ಮನೆಗೆ ಹೋದರೆ ಎದುರುಗಡೆ ದೂರದಲ್ಲಿ ಚಪ್ಪಲಿ ಕಳಚಿಟ್ಟು ನೆಲಕ್ಕೆ ಕೂರಬೇಕು. ಒಳಗಿನವರು ತಾವಾಗಿ ಕಂಡು 'ಯಾಕ ಬಂದೀರಿ' ಎನ್ನುವವರೆಗೆ ಕರೆಯಬಾರದು, ಕೆಮ್ಮಬಾರದು. ಬಾಗಿಲ ಮೇಲಿಂದ ಕಣ್ಣು ಮಾತ್ರ ತೆಗೆಯಬಾರದು. ಧಣಿ ಹೊರಗೆ ಬಂದು ಹೋದದ್ದು ತಪ್ಪಿದರೆ ಆ ದಿನದ ಕೂಲಿಯೂ ಹೋಯಿತು, ಕೆಲಸವೂ ಹೋಯಿತು. ಅಪ್ಪ ಅಜ್ಜರಿಂದ ಮೈಗೆ ಹತ್ತಿದ ಮರ್ಯಾದೆ ಇದು. ಮರ್ಯಾದೆ ಎಂದು ಹೇಳಿಕೊಟ್ಟವರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗುರುವಾರ ವೆಂಕಮ್ಮ ಒಬ್ಬಳೇ ಬರಲಿಲ್ಲ. ಕರೆಮ್ಮ, ಅಯ್ಯಮ್ಮ, ಇನ್ನಿಬ್ಬರು ಕೇರಿಯ ಹೆಂಗಸರು ಜೊತೆಗೆ ಬಂದರು. ಐದು ಜನ ರಸ್ತೆಯಾಚೆಯ ಬೇವಿನ ಮರದ ಕೆಳಗೆ ಕೂತರು. ಚಪ್ಪಲಿಗಳನ್ನು ಒಂದು ಕಡೆ ಸಾಲಾಗಿಟ್ಟರು. ಬಂಗಲೆಯ ಬಾಗಿಲನ್ನೇ ನೋಡುತ್ತ ಮೂರು ತಾಸು ಅಲುಗಾಡದೆ ಕೂತರು. ಗೇಟಿನ ಮೇಲಿನ ಕ್ಯಾಮೆರಾ ಅವರನ್ನು ಮೂರು ತಾಸು ನೋಡಿತು. ಒಳಗೆ ಸಾಹೇಬರು ಟಿವಿಯ ಪರದೆಯಲ್ಲಿ ನೋಡಿದರು. ಹೊರಗೆ ಬರಲಿಲ್ಲ.

ನಾಗವೇಣಿ ಅಲ್ಲಿರಲಿಲ್ಲ. ಹೊರಗೆ ಬಡ ಹೆಂಗಸೊಬ್ಬಳು ಕಾದಿದ್ದಾಳೆಂದು ಸಾಹೇಬರ ಕಿವಿಗೆ ತಾನೇ ಹಾಕಬೇಕೆಂದಿದ್ದಳು. ಆದರೆ ಬೆಳಿಗ್ಗೆಯೇ ದೇವಿಕಾ ಬಂಗಾರದ ಅಂಗಡಿಗೆ ಹೊರಟಳು, ಈಕೆ ಹಿಂದೆ ಹೊರಟಳು. ಮರಳಿದಾಗ ಮಧ್ಯಾಹ್ನ ಒಂದು ದಾಟಿತ್ತು. ಕಾರು ಗೇಟಿನ ಮುಂದೆ ನಿಧಾನವಾಯಿತು. ಮುಂದಿನ ಸೀಟಿನಲ್ಲಿ ಕೂತಿದ್ದ ನಾಗವೇಣಿ ಗೇಟು ತೆಗೆಯಿರೆಂದು ಹೇಳಲು ಕಿಟಕಿಯ ಗಾಜು ಇಳಿಸಿದಳು. ಮರದ ಕೆಳಗಿಂದ ವೆಂಕಮ್ಮ ಧಡಕ್ಕನೆ ಎದ್ದು ನಿಂತಳು. ಬಿಸಿಲಿಗೆ ಕಂದಿದ ಮುಖ ಅರಳಿತು. ಕೈ ಎತ್ತಿದಳು.

"ಯಾರವರು? ನಿನ್ನೇ ನೋಡಾಕತ್ತಾರಲ್ಲ?" ಎಂದಳು ಹಿಂದಿನ ಸೀಟಿನಿಂದ ದೇವಿಕಾ.

"ಗೊತ್ತಿಲ್ಲ ಮೇಡಂ" ಎಂದಳು ನಾಗವೇಣಿ.

ಹತ್ತು ಹೆಜ್ಜೆಯ ದೂರ. ಗಾಜು ಇಳಿದಿತ್ತು. ವೆಂಕಮ್ಮನ ಎತ್ತಿದ ಕೈ ಮೇಲೆಯೇ ಒಂದು ಗಳಿಗೆ ನಿಂತು, ಆಮೇಲೆ ಸೆರಗು ಸರಿಮಾಡಲು ಎತ್ತಿದ್ದೆ ಎನ್ನುವಂತೆ ತಲೆಯ ಮೇಲೆ ಸೆರಗು ಎಳೆದುಕೊಂಡಿತು. ಕಾರು ಒಳಗೆ ಹೋಯಿತು. ನಾಗವೇಣಿ ಇಳಿದು, ಚೀಲ ಹೊತ್ತು, ಮೆಟ್ಟಿಲು ಹತ್ತಿದಳು. ಹೆತ್ತವ್ವನನ್ನು ಗೊತ್ತಿಲ್ಲ ಎಂದ ನಾಲಿಗೆ ಬಾಯೊಳಗೆ ಚರ್ಮದ ತುಂಡಿನಂತೆ ಬಿದ್ದಿತ್ತು. ಯಾರೂ ಬಲವಂತ ಮಾಡಿರಲಿಲ್ಲ. ಒಂದು ಕಪ್ಪು ಚಹಾಕ್ಕೆ, ಒಂದು ಹೂವಿನ ಬುಟ್ಟಿಗೆ ಅವ್ವನನ್ನು ಬಿಟ್ಟುಕೊಟ್ಟಿದ್ದಳು.

ಆಕೆ ಹೊರಗೆ ಬರುವಷ್ಟರಲ್ಲಿ ಮರದ ಕೆಳಗೆ ಯಾರೂ ಇರಲಿಲ್ಲ. ಕಲೀಮುಲ್ಲಾ ತನ್ನ ಬಾಟಲಿಯ ನೀರು ಕೊಟ್ಟು ಕಳಿಸಿದ್ದನಂತೆ. "ದೇವದುರ್ಗದವರಂತ. ಅರ್ಜಿ ಕೊಟ್ಟು ಹೋದ್ರು, ಒಳಗ ಮುಟ್ಟಿಸೀನಿ" ಎಂದ.

ಸಂಜೆ ಫೋನು ಮಾಡಿದಾಗ ವೆಂಕಮ್ಮ ಆ ಮಾತೇ ಎತ್ತಲಿಲ್ಲ. "ಬಿಸಲು ಭಾಳ ಇತ್ತವ್ವ. ನೀ ಉಂಡ್ಯಾ?" ಎಂದಳು. ಆಮೇಲೆ ಹೇಳಿದಳು, "ಸೋಮವಾರ ನಾ ಬರಂಗಿಲ್ಲ ಬಿಡು. ನನಗ ಯಾರದಾರ? ನಿಮ್ಮ ಮಾಮಗ ಹೇಳು, ಅಕ್ಕನ ಕೈಲಿ ಆಗಲಿಲ್ಲ ಅಂತ." ಫೋನು ಇಟ್ಟಳು.

ಶುಕ್ರವಾರ ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಅಮೋಘಸಿದ್ದ ಬಂದರು. ಆರು ತಿಂಗಳಿಗೊಮ್ಮೆ ಈ ಮನೆಗೆ ಬೆದರಿಕೆ ಇನ್ನೂ ಇದೆಯೋ ಇಲ್ಲವೋ ಎಂದು ವರದಿ ಹೋಗಬೇಕು. ಇಲ್ಲ ಎಂದರೆ ಪಹರೆ ಏಳುತ್ತದೆ. ಈ ಸಲ ಏಳುತ್ತದೆಂದು ಒಂದು ತಿಂಗಳಿಂದ ಮಾತಿತ್ತು, ಸಾಹೇಬರಿಗೆ ನಿದ್ದೆ ಇರಲಿಲ್ಲ. ಇವತ್ತು ಅವರ ಮುಖ ನಿರಾಳವಾಗಿತ್ತು. ನಾಗವೇಣಿಯನ್ನು ನಡುಮನೆಗೆ ಕರೆಸಿದರು. ಸೋಫಾದ ಮೇಲೆ ಸಾಹೇಬರು, ಅಮ್ಮಾವರು, ದೇವಿಕಾ. ಬಾಗಿಲ ಬಳಿ ಕಲೀಮುಲ್ಲಾ, ತಲೆ ತಗ್ಗಿಸಿಕೊಂಡು. ದೊಡ್ಡ ಟಿವಿಯಲ್ಲಿ ಬೇವಿನ ಮರ, ಐವರು ಹೆಂಗಸರು. ದನಿಯಿಲ್ಲದ ಚಿತ್ರ.

ಅಮೋಘಸಿದ್ದ ಟೈಪು ಮಾಡಿದ ಹಾಳೆ ಚಾಚಿದರು. "ಸೈ ಮಾಡು. ಕಲೀಮುಲ್ಲಾ ಮಾಡ್ಯಾನ."

ನಾಗವೇಣಿ ಓದಿದಳು. ಐದು ಜನ ಅಪರಿಚಿತ ಮಹಿಳೆಯರು ನಿವಾಸದ ಎದುರು ಹೊಂಚು ಹಾಕಿ ಕುಳಿತು ಮೂರು ಗಂಟೆಗಳ ಕಾಲ ಚಲನವಲನಗಳನ್ನು ಗಮನಿಸಿರುತ್ತಾರೆ. ದೇವದುರ್ಗದ ಮರಳು ದಂಧೆಕೋರರು ಇವರನ್ನು ಕಳುಹಿಸಿರುವ ಬಲವಾದ ಶಂಕೆ ಇರುತ್ತದೆ. ಮಾನ್ಯರಿಗೂ ಅವರ ಕುಟುಂಬಕ್ಕೂ ಜೀವಭಯವಿದೆ. ಕೆಳಗೆ ಐದು ಹೆಸರು. ಮೊದಲನೆಯದು ವೆಂಕಮ್ಮ. ಹೆಸರುಗಳನ್ನು ಎಲ್ಲಿಂದ ತೆಗೆದರೆಂದು ಆಕೆಗೆ ತಿಳಿಯಿತು. ಅವ್ವ ಕೊಟ್ಟುಹೋದ ಅರ್ಜಿ ಟೀಪಾಯಿಯ ಮೇಲೆ, ಚಹಾದ ಕಪ್ಪಿನ ಕೆಳಗೆ ಇತ್ತು. ಐವರ ಹೆಸರೂ ಬರೆದಿದ್ದ, ರಕ್ಷಣೆ ಕೊಡಿಸಿ ಎಂಬ ಅರ್ಜಿ. ಅದನ್ನು ಓದಿದ ಮೇಲೆಯೇ ಇದನ್ನು ಬರೆಸಿದ್ದರು.

"ಸೋಮವಾರ ಈ ಐದೂ ಮಂದಿನ್ನ ಕರಸ್ತೀವಿ" ಎಂದರು ಅಮೋಘಸಿದ್ದ. "ಮುಚ್ಚಳಿಕಿ ಬರಸ್ಕೊಂಡು ಬಿಡ್ತೀವಿ. ದೊಡ್ಡದೇನಲ್ಲ."

ದೊಡ್ಡದೇನಲ್ಲವೇ? ನಾಗವೇಣಿ ಪೊಲೀಸು. ಕಾಗದದಿಂದ ಮನುಷ್ಯನನ್ನು ಹೇಗೆ ಮುಗಿಸುತ್ತಾರೆಂದು ಹತ್ತಿರದಿಂದ ನೋಡಿದವಳು. ಸೋಮವಾರ ಅವ್ವ ಕೋರ್ಟಿನ ಬದಲು ಮುಚ್ಚಳಿಕೆ ಬರೆಯಲು ನಿಂತಿರುತ್ತಾಳೆ. ಮುಂದೆ ಯಾವತ್ತು ಸಾಕ್ಷಿ ಕಟ್ಟೆ ಹತ್ತಿದರೂ ಗೌಡನ ವಕೀಲ ಈ ಹಾಳೆ ತೋರಿಸುತ್ತಾನೆ. ದಂಧೆಕೋರರ ಹೆಂಗಸು, ಈಕೆಯ ಮಾತು ನಂಬಬೇಡಿ ಎನ್ನುತ್ತಾನೆ. ಸುಂಕಪ್ಪ ಮಾಮನ ಕೈ ಸುಮ್ಮನೆ ಮುರಿದಂತಾಗುತ್ತದೆ.

"ಇವರು ಅಪರಿಚಿತ ಅಲ್ರಿ" ಎಂದಳು. ದನಿ ತೆಳ್ಳಗೆ ಬಂತು. ಇನ್ನೊಮ್ಮೆ ಹೇಳಿದಳು, ಈ ಸಲ ಗಟ್ಟಿಯಾಗಿ. "ಅಪರಿಚಿತ ಅಲ್ರಿ. ಆ ನಡುವ ಕುಂತಾಕಿ ನಮ್ಮವ್ವ. ನನ್ನ ಹಡೆದಾಕಿ."

ಟಿವಿಯಲ್ಲಿ ಅಯ್ಯಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡಳು.

"ನಿನ್ನಿ ಗೊತ್ತಿಲ್ಲ ಅಂದ್ಯಲ್ಲ?" ಎಂದಳು ದೇವಿಕಾ.

"ಸುಳ್ಳು ಹೇಳಿದ್ನಿರಿ. ನಾಚಿಕಿ ಬಂತು. ಅವ್ವನ್ನ ನೋಡಿ ನಾಚಿಕಿ ಬಂತು. ಇವತ್ತ ನನ್ನ ಮ್ಯಾಲ ನನಗ ಬರಾಕತ್ತದ."

ಅಮ್ಮಾವರು ಟೀಪಾಯಿಯ ಅರ್ಜಿಯನ್ನು ಎಳೆದುಕೊಂಡು, ಕೇರಿಯ ಹೆಸರು ಬರೆದಿದ್ದ ಸಾಲನ್ನು ಎರಡು ಸಲ ಓದಿದರು. ಗಂಡನ ಕಡೆ ತಿರುಗಿದರು. "ಈಕಿ ಕೈಯಾಗ ಗುಡಿ ಬುಟ್ಟಿ ಕೊಟ್ಟಿದ್ವಲ್ರೀ! ಒಂದು ವರ್ಷ!" ಎಂದರು. ಈ ಮನೆಗೆ ನಿಜವಾಗಿ ಏನೋ ಆಗಿಹೋಗಿದೆ ಎಂಬ ಗಾಬರಿ ಆ ಮುಖದಲ್ಲಿ ಮೊದಲ ಸಲ ಕಂಡಿತು.

ಸಾಹೇಬರು ಹೆಂಡತಿಗೆ ಸುಮ್ಮನಿರು ಎಂದು ಕೈ ಮಾಡಿದರು. ಸರ್ವಿಸಿನಲ್ಲಿ ಇಂಥ ಎಷ್ಟೋ ಕೋಣೆಗಳಲ್ಲಿ ಕೂತು ಎದ್ದವರು. ದನಿ ಮೆತ್ತಗೆ ಮಾಡಿಕೊಂಡರು.

"ನೋಡವಾ, ನಿಮ್ಮವ್ವ ಅಂತ ನಮಗ ಗೊತ್ತಿರ್ಲಿಲ್ಲ. ಆಕಿ ಹೆಸರು ತೆಗಸ್ತೀನಿ. ಉಳಿದ ನಾಲ್ಕು ಮಂದಿ ಇರ್ಲಿ. ಸೋಮವಾರ ನಿಮ್ಮವ್ವನ ಜೋಡಿ ಇಬ್ಬರು ಪೊಲೀಸ್ರನ್ನ ಕಳಸ್ತೀನಿ. ಮನಿಯಿಂದ ಕೋರ್ಟಿಗಿ, ಕೋರ್ಟಿಂದ ಮನಿಗಿ. ಒಂದು ಫೋನು ಅಷ್ಟೆ. ಈಗೇ ಮಾಡ್ಲಿ?"

ಫೋನನ್ನು ಕೈಗೆತ್ತಿಕೊಂಡೂಬಿಟ್ಟರು. ನಾಗವೇಣಿಗೆ ಬೇಕಿದ್ದದ್ದು ಅದೇ. ಅವ್ವ ಅರ್ಜಿ ಹಿಡಿದು ಅಲೆದದ್ದು ಅದಕ್ಕೇ. ಒಂದು ಸೈ ಹಾಕಿದರೆ ಅವ್ವ ಬದುಕುತ್ತಾಳೆ, ಸಾಕ್ಷಿ ಹೇಳುತ್ತಾಳೆ, ನೌಕರಿ ಉಳಿಯುತ್ತದೆ. ನಾಲ್ಕು ಹೆಸರು. ಅಯ್ಯಮ್ಮ, ನಾಗವೇಣಿ ಹುಟ್ಟಿದಾಗ ಹೊಕ್ಕುಳ ಬಳ್ಳಿ ಕೊಯ್ದವಳು. ಕರೆಮ್ಮ, ಪೊಲೀಸ್ ಪರೀಕ್ಷೆಗೆ ಓದುವಾಗ ತನ್ನ ಮನೆಯ ದೀಪದ ಕೆಳಗೆ ಜಾಗ ಬಿಟ್ಟವಳು. ಜೊತೆಗೆ ಬಾ ಎಂದು ಕರೆದದ್ದಕ್ಕೆ ಒಂದು ದಿನದ ಕೆಲಸ ಬಿಟ್ಟು ಬಂದವರು. ಅವರನ್ನು ಕೊಟ್ಟು ಅವ್ವನನ್ನು ಬಿಡಿಸಿಕೋ ಎನ್ನುತ್ತಿದ್ದಾನೆ ಈ ಮನುಷ್ಯ, ಕಾಯಿಪಲ್ಯೆಯ ಚೌಕಾಸಿಯಂತೆ.

"ಪೆನ್ನು ಕೊಡ್ರಿ" ಎಂದಳು.

ಅಮೋಘಸಿದ್ದ ಕೊಟ್ಟರು. ನಾಗವೇಣಿ ಟೀಪಾಯಿಯ ಮುಂದೆ ಮಂಡಿಯೂರಿ, ಟೈಪಿನ ಸಾಲುಗಳ ಕೆಳಗೆ, ಖಾಲಿ ಬಿಟ್ಟಿದ್ದ ಜಾಗದಲ್ಲಿ ಕೈಬರಹದಲ್ಲಿ ಬರೆದಳು. ಈ ಐದೂ ಜನ ನಮ್ಮ ಕೇರಿಯವರು. ವೆಂಕಮ್ಮ ನನ್ನ ತಾಯಿ, ಕೋರ್ಟಿನ ಸಾಕ್ಷಿ. ರಕ್ಷಣೆ ಕೇಳಲು ನಾನೇ ಕರೆಸಿದ್ದೆ. ಇವರ ಕೈಯಲ್ಲಿ ಅರ್ಜಿ ಬಿಟ್ಟು ಏನೂ ಇರಲಿಲ್ಲ. ಹದಿನಾಲ್ಕು ತಿಂಗಳಿಂದ ಇಲ್ಲಿ ಡ್ಯೂಟಿ ಮಾಡಿದ್ದೇನೆ, ಈ ಮನೆಗೆ ಯಾರಿಂದಲೂ ಅಪಾಯ ಬಂದದ್ದನ್ನು ನೋಡಿಲ್ಲ. ಕೆಳಗೆ ಸೈ, ತಾರೀಖು, ತನ್ನ ನಂಬರು. ಜೇಬಿನಿಂದ ಮೊಬೈಲು ತೆಗೆದು ಹಾಳೆಯ ಫೋಟೊ ಹೊಡೆದುಕೊಂಡಳು.

"ಏಯ್, ಏನ ಬರದಿ? ಹಾಳೆ ಕೆಡಿಸಿದ್ಯಲ್ಲ!" ಅಮೋಘಸಿದ್ದ ಕಸಿದುಕೊಂಡರು.

"ಸೈ ಮಾಡು ಅಂದ್ರಿ, ಮಾಡೀನ್ರಿ."

ಸಾಹೇಬರ ಮೆತ್ತನೆಯ ದನಿ ಹರಿದುಹೋಯಿತು. "ನಾಳಿಗಿ ನಿನ್ನ ನೌಕರಿ ಇರಂಗಿಲ್ಲ, ತಿಳಿತಾ? ಯಾರ ಮನ್ಯಾಗ ನಿಂತು ಮಾತಾಡಾಕತ್ತಿ ಗೊತ್ತದ?"

"ಯಾವ ನೌಕರಿ ಸಾಹೇಬ್ರ? ಛತ್ರಿ ಹಿಡಿಯದಾ, ನಾಯಿ ಹೇಲು ಬಳಿಯದಾ?" ನಾಗವೇಣಿಯ ಮಾತು ನಿಲ್ಲಲಿಲ್ಲ. "ಪೊಲೀಸ್ ನೌಕರಿ ಆಗಿದ್ರ ನಾ ಇವತ್ತ ನಮ್ಮೂರಾಗ ಇರಬೇಕಿತ್ತು. ಅಂಜಿದವರು ಅಲ್ಲಿ ಅದಾರ."

ಬಾಗಿಲು ದಾಟುವಾಗ ಕಲೀಮುಲ್ಲಾ ತಲೆ ಎತ್ತಲಿಲ್ಲ. "ಏಳ ತಿಂಗಳು ಉಳದದ ಬೇಟಿ" ಎಂದ, ಮಾಫಿ ಕೇಳುವವನಂತೆ. ಆಕೆ ಅವನ ಮೇಲೆ ಸಿಟ್ಟು ಮಾಡಲಿಲ್ಲ. ಮಾಡಲು ಹೊತ್ತೂ ಇರಲಿಲ್ಲ.

ಪೊಲೀಸ್ ಲೈನಿಗೆ ಹೋಗಿ ಪಿಸ್ತೂಲು, ಗುಂಡು ಎಣಿಸಿ ಒಪ್ಪಿಸಿ ರಸೀದಿ ತೆಗೆದುಕೊಂಡಳು. ಓಡಿಹೋದಳು ಎಂದು ಯಾರೂ ಬರೆಯಬಾರದು. ಅಮಾನತಿನ ಆದೇಶ ಸಂಜೆಯೊಳಗೆ ಕೈಗೆ ಬರುತ್ತದೆಂದು ಅಲ್ಲಿನ ಗುಮಾಸ್ತ ಹೇಳಿದ. ಆಕೆ ಇನ್ನೂ ಅಲ್ಲೇ ಇರುವಾಗ ಸಾಹೇಬರ ಮನೆಗೆ ಬೇರೊಬ್ಬ ಮಹಿಳಾ ಕಾನ್‌ಸ್ಟೇಬಲನ್ನು ಕಳಿಸಿದ ಸುದ್ದಿ ಬಂತು. ಮಾನ್ವಿಯಲ್ಲಿ ಬಂದೋಬಸ್ತಿಗಿದ್ದ ಮಹಬೂಬಿಯನ್ನು ಎಬ್ಬಿಸಿ, ಜೀಪಿನಲ್ಲಿ ಕೂರಿಸಿ ಕಳಿಸಿದ್ದರು. ಒಂದು ತಾಸು ಹಿಡಿಯಲಿಲ್ಲ. ಇದೇ ಜಿಲ್ಲೆಯಲ್ಲಿ ಸಿಬ್ಬಂದಿ ಕೊರತೆ.

ಬಸ್‌ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸು ನಿಂತಿತ್ತು. ಸೀಟಿನ ತಗಡು ಕಾದು ಸುಡುತ್ತಿತ್ತು. ನಾಗವೇಣಿ ಕೂತು ಅವ್ವನಿಗೆ ಫೋನು ಹಚ್ಚಿದಳು. ಆ ಕಡೆ ಹೆಂಗಸರ ಮಾತು, ಸಲಿಕೆಯ ಸಪ್ಪಳ.

"ನಿನ್ನಿ ನಿನ್ನ ಗೊತ್ತಿಲ್ಲ ಅಂದೆ ಬೇ ಯವ್ವಾ" ಎಂದಳು.

"ಕೇಳಿಸ್ತು" ಎಂದಳು ವೆಂಕಮ್ಮ.

ನಾಗವೇಣಿ ಅತ್ತಳು. ಪಕ್ಕದ ಸೀಟಿನವರು ನೋಡಿದರು, ನೋಡಲಿ. ಅಳುತ್ತಲೇ ಎಲ್ಲ ಹೇಳಿದಳು. ಹಾಳೆ, ಹೆಸರು, ಚೌಕಾಸಿ, ತಾನು ಬರೆದದ್ದು, ಪಿಸ್ತೂಲು ಕೊಟ್ಟದ್ದು. ನೌಕರಿಯ ಮಾತು ಬಂದಾಗ ವೆಂಕಮ್ಮ ಬಾಯಿಗೆ ಬಂದಂತೆ ಬೈದಳು. ಕಲ್ಲು ಹೊತ್ತು ಓದಿಸಿದ್ದು ಇದಕ್ಕೇನು, ನಾಳೆ ಮಣ್ಣು ಹೊರಲಿಕ್ಕೆ ನನ್ನ ಜೋಡಿ ಬರ್ತೀಯೇನು ಎಂದಳು. ನಾಗವೇಣಿ ಬೈಸಿಕೊಂಡಳು.

"ಪೊಲೀಸ್ರನ್ನ ಯಾರನ್ನೂ ಕೊಡಂಗಿಲ್ಲ ಬೇ. ನಾ ಒಬ್ಬಾಕಿ ಬರಾಕತ್ತೀನಿ. ಬರೇ ಕೈಲಿ."

ಬಸ್ಸು ಹೊರಟಿತು.

"ಅಲ್ಲ ಬೇ, ಆ ಕಾಗದದಾಗ ಏನ ಬರದಿದ್ರು ಅಂದಿ? ಇನ್ನೊಮ್ಮಿ ಹೇಳು."

"ನಿನ್ನಿಂದ ಸಾಹೇಬ್ರಿಗಿ ಜೀವಭಯ ಅದ ಅಂತ."

"ನನ್ನಿಂದನಾ?"

"ಹೂಂ."

ವೆಂಕಮ್ಮ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯ್ತುಂಬ. ಕೆಮ್ಮು ಬರುವವರೆಗೆ ನಕ್ಕಳು. "ಏ ಅಯ್ಯಮ್ಮಾ, ಕರೆಮ್ಮಾ, ಬರ್ರೇ ಇಲ್ಲಿ! ಏಳು ಮಂದಿ ಪೊಲೀಸ್ರನ್ನ ಇಟ್ಕೊಂಡಾವ ನಮಗ ಅಂಜ್ಯಾನಂತ! ನಮಗ!" ಸಲಿಕೆಗಳು ನಿಂತವು. ಅಲ್ಲಿ ಎಷ್ಟೋ ಜನ ಹೆಂಗಸರು ಒಟ್ಟಿಗೆ ನಗುವುದು ಫೋನಿನಲ್ಲಿ ಕೇಳಿಸಿತು. ನಗು ಮೆಲ್ಲಗೆ ಇಳಿಯಿತು. ಮತ್ತೆ ವೆಂಕಮ್ಮನ ದನಿ ಬಂದಾಗ ಅದರಲ್ಲಿ ನಗುವಿರಲಿಲ್ಲ.

"ಅಂಜಲಿ ಬಿಡು" ಎಂದಳು. "ಸೋಮವಾರ ಕೋರ್ಟಿಗಿ ಹೋಗೂಣು. ಐದೂ ಮಂದಿ ಬರ್ತೀವಿ."